ಬಳಸದ ಎಡ್ಜ್ ಬ್ರೌಸರನ್ನು ಕೀಳಬೇಕಾ, ಹಾಗೇ ಬಿಡಬೇಕಾ?

ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ಕೊಡಗಿನಲ್ಲಿ ಕರೆಂಟ್ ಹೋಗುವುದು, ಬರುವುದು ಇದ್ದದ್ದೇ. ಅದರ ಹಿಂದೆಯೇ ನನಗೆ ಫೋನ್ ಬರುತ್ತದೆ. ಕಂಪ್ಯೂಟರ್ ಆನ್ ಆಗ್ತಿಲ್ಲ, ಪ್ರಿಂಟರ್ ಸಿಗ್ತಿಲ್ಲ, ಹೀಗೆ. ಈ ಸಲ ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಕೇಳಿದರು. "ನಾನು ಕ್ರೋಮ್ ಬಿಟ್ಟು ಬೇರೆ ಮುಟ್ಟೋದೇ ಇಲ್ಲ, ಆ ಎಡ್ಜ್ ಸುಮ್ನೆ ಕೂತಿದೆ, ತೆಗೆದು ಹಾಕ್ಲಾ?"

ನನ್ನ ಉತ್ತರ ಇಷ್ಟೇ. ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟಿನ ಬ್ರೌಸರ್ ಈ ಎಡ್ಜ್. ಅದನ್ನು ಕೀಳಬೇಡಿ, ಮಲಗಿಸಿ, ಅಂದರೆ ಇದ್ದಲ್ಲೇ ಇರಲಿ, ತಾನಾಗಿ ಎದ್ದು ಓಡದ ಹಾಗೆ ಮಾಡಿ. ಎಡ್ಜ್‌ಗಿಂತ ಮೊದಲು ಇದ್ದ ಹಳೇ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇನ್ನೂ ಇದ್ದರೆ ಅದನ್ನು ಮಾತ್ರ ಮುಲಾಜಿಲ್ಲದೆ ಆಫ್ ಮಾಡಿ. ಎರಡೂ ಒಂದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಅಲ್ಲಿಂದಲೇ ಗೊಂದಲ ಶುರು.

ಮೊದಲು ಹಳೆಯದರ ಕಥೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ಬಂದದ್ದು 2013ರಲ್ಲಿ. 2022ರ ಜೂನ್ 15ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ವಿದಾಯ ಹೇಳಿತು. 2023ರ ಫೆಬ್ರವರಿ 14ರಂದು ಎಡ್ಜ್ ಅಪ್‌ಡೇಟ್ ಮೂಲಕ ವಿಂಡೋಸ್ 10ರಲ್ಲಿ ಅದು ತೆರೆಯದ ಹಾಗೆ ಮಾಡಿತು. ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಇಲ್ಲ. ಐಕಾನ್ ಹೋಯಿತು, ವೆಬ್ ಪುಟಗಳನ್ನು ಪರದೆ ಮೇಲೆ ಮೂಡಿಸುವ ಒಳಗಿನ ಎಂಜಿನ್ ಹೋಗಲಿಲ್ಲ. ಎಂಎಸ್‌ಎಚ್‌ಟಿಎಂಎಲ್ ಅನ್ನುವ ಆ ಎಂಜಿನ್ ಇವತ್ತಿಗೂ ವಿಂಡೋಸ್ ಒಳಗೇ ಇದೆ. 2021ರ ಸೆಪ್ಟೆಂಬರಿನಲ್ಲಿ ವರ್ಡ್ ಫೈಲ್‌ ಒಂದನ್ನು ಮೇಲ್‌ನಲ್ಲಿ ಕಳಿಸಿ, ತೆರೆದವರ ಕಂಪ್ಯೂಟರಿಗೆ ನುಗ್ಗುವ ದಾಳಿ ನಡೆದದ್ದು ಇದೇ ಎಂಜಿನ್ನಿನ ತೂತಿನಿಂದ, ಅಂದರೆ ಭದ್ರತೆಯ ಲೋಪದಿಂದ. 2024ರ ಜುಲೈನಲ್ಲಿ ಮುಚ್ಚಿದ ಇನ್ನೊಂದು ತೂತಿನಲ್ಲಂತೂ, ಒಂದು ಶಾರ್ಟ್‌ಕಟ್ ಫೈಲ್ ಕ್ಲಿಕ್ ಮಾಡಿದರೆ ಎಡ್ಜ್ ಬದಲು ಸತ್ತೇ ಹೋಗಿದೆ ಅಂದುಕೊಂಡಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ ಎದ್ದು ಬರುತ್ತಿತ್ತು.

ಸಿದ್ದಾಪುರ ಕಡೆ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಹಿಂದಿನ ಗೇಟು ನಾವು ಬಳಸುವುದಿಲ್ಲ ಅಂತ ಆನೆಯೂ ಬಳಸದೆ ಇರುತ್ತದಾ? ನಾವು ಬಳಸದ ದಾರಿ ಕಡೆ ನಮ್ಮ ಕಣ್ಣು ಹೋಗುವುದೇ ಇಲ್ಲ, ಅಪಾಯ ಇರುವುದೇ ಅಲ್ಲಿ.

ವಿಂಡೋಸ್ 10 ಇರುವವರು ಹೀಗೆ ಮಾಡಿ. ಸ್ಟಾರ್ಟ್ ಒತ್ತಿ "ವಿಂಡೋಸ್ ಫೀಚರ್ಸ್" ಅಂತ ಟೈಪ್ ಮಾಡಿ. "ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್" ಅಂತ ಬರುತ್ತದೆ, ಅದನ್ನು ತೆರೆಯಿರಿ. ಚಿಕ್ಕ ಚಿಕ್ಕ ಚೌಕಗಳ ಪಟ್ಟಿ ಇರುವ ಪೆಟ್ಟಿಗೆ ಅದು, ತುಂಬಿಕೊಳ್ಳಲು ಸ್ವಲ್ಪ ಹೊತ್ತು ತಗೊಳ್ಳುತ್ತದೆ, ಕಾಯಿರಿ. ಅದರಲ್ಲಿ "ಇಂಟರ್ನೆಟ್ ಎಕ್ಸ್‌ಪ್ಲೋರರ್ 11" ಕಂಡರೆ ಅದರ ಪಕ್ಕದ ಚೌಕದಲ್ಲಿರುವ ಗುರುತು ತೆಗೆಯಿರಿ. ಎಚ್ಚರಿಕೆ ಸಂದೇಶ ಬಂದರೆ ಹೆದರಬೇಡಿ, ಯೆಸ್ ಕೊಟ್ಟು ರಿಸ್ಟಾರ್ಟ್ ಮಾಡಿ. ಅಲ್ಲಿ ಸಿಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರೊಳಗೆ ಆಪ್ಷನಲ್ ಫೀಚರ್ಸ್ ನೋಡಿ. ವಿಂಡೋಸ್ 11ರಲ್ಲಿ ಆ ಆ್ಯಪ್ ತೆರೆಯಲು ಸಿಗುವುದೇ ಇಲ್ಲ, ಹುಡುಕಬೇಡಿ. ಗುರುತು ತೆಗೆದರೂ ನಾನು ಹೇಳಿದ ಆ ಎಂಜಿನ್ ಒಳಗೆ ಉಳಿದೇ ಇರುತ್ತದೆ, ಬಾಗಿಲು ಮಾತ್ರ ಮುಚ್ಚಿದ ಹಾಗೆ. ಹಾಗಾಗಿ ವಿಂಡೋಸ್ ಅಪ್‌ಡೇಟ್ ನಿಲ್ಲಿಸಿಟ್ಟು ಇದೊಂದನ್ನೇ ಮಾಡಿದರೆ ಪ್ರಯೋಜನ ಕಡಿಮೆ.

ಒಂದು ಮಾತು. ನಿಮ್ಮ ಕಚೇರಿಯಲ್ಲಿ ಯಾವುದೋ ಹಳೇ ಜಾಲತಾಣ ಎಡ್ಜ್‌ನ "ಐಇ ಮೋಡ್"ನಲ್ಲೇ (ಎಡ್ಜ್ ಒಳಗೇ ಇಂಟರ್ನೆಟ್ ಎಕ್ಸ್‌ಪ್ಲೋರರ್ ಹಾಗೆ ಪುಟ ತೆರೆಯುವ ವ್ಯವಸ್ಥೆ) ತೆರೆಯಬೇಕು ಅಂತಿದ್ದರೆ ಈ ಗುರುತು ತೆಗೆದ ಮೇಲೆ ಅದು ತೆರೆಯುವುದಿಲ್ಲ. ಮೊದಲೇ ಕೇಳಿ ತಿಳಿದುಕೊಳ್ಳಿ. ಅಂಥ ಅಗತ್ಯ ಇಲ್ಲದಿದ್ದರೆ ಎಡ್ಜ್ ಸೆಟ್ಟಿಂಗ್ಸ್‌ನ ಡಿಫಾಲ್ಟ್ ಬ್ರೌಸರ್ ಪುಟದಲ್ಲಿ ಐಇ ಮೋಡಿಗೆ "ಡೋಂಟ್ ಅಲೌ" ಕೊಟ್ಟುಬಿಡಿ.

ಈಗ ಎಡ್ಜ್ ವಿಷಯ. ಇವತ್ತಿನ ಎಡ್ಜ್ 2020ರ ಜನವರಿಯಲ್ಲಿ ಬಂದದ್ದು, ಕ್ರೋಮ್‌ಗೆ ತಳಹದಿಯಾದ ಕ್ರೋಮಿಯಂ ಅನ್ನುವ ತಂತ್ರಾಂಶದ ಮೇಲೇ ಇದೂ ನಡೆಯುತ್ತದೆ. ನೀವು ತೆರೆಯದಿದ್ದರೂ ತನ್ನಷ್ಟಕ್ಕೆ ಅಪ್‌ಡೇಟ್ ಆಗುತ್ತಿರುತ್ತದೆ. ಹಾಗಾಗಿ ಅದು ಬೇಲಿ ಮುರಿದ ಗೇಟಲ್ಲ. ತೆಗೆಯಬೇಡಿ ಅನ್ನುವುದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ ನಾನು ಕಣ್ಣಾರೆ ಕಂಡದ್ದು. ಗೋಣಿಕೊಪ್ಪಲಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಗೆಳತಿಯೊಬ್ಬಳು ಯಾವುದೋ ವಿಡಿಯೋ ನೋಡಿ, ಅದರಲ್ಲಿ ಕೊಟ್ಟಿದ್ದ ಸ್ಕ್ರಿಪ್ಟ್ (ಕಂಪ್ಯೂಟರಿಗೆ ಸಾಲಾಗಿ ಆಜ್ಞೆ ಕೊಡುವ ಫೈಲ್) ಓಡಿಸಿದಳು. "ಒಂದೇ ಕ್ಲಿಕ್, ಎಡ್ಜ್ ಮಾಯ" ಅಂತ ಬರೆದಿತ್ತಂತೆ. ಮಾಯ ಆಯಿತು ನಿಜ. ಮರುದಿನ ಬೆಳಿಗ್ಗೆ ಮೇಲ್ ನೋಡುವ ಹೊಸ ಔಟ್‌ಲುಕ್ ಆ್ಯಪ್ ತೆರೆಯಲಿಲ್ಲ. ಲೆಕ್ಕ ಕಳಿಸುವ ಕೊನೇ ದಿನ ಬೇರೆ. ಆಗಿದ್ದು ಏನೆಂದರೆ ಆ ಸ್ಕ್ರಿಪ್ಟ್ ಎಡ್ಜ್ ಜೊತೆಗೆ ವೆಬ್‌ವ್ಯೂ2 ಅನ್ನುವುದನ್ನೂ ಕಿತ್ತಿತ್ತು. ಔಟ್‌ಲುಕ್, ಟೀಮ್ಸ್, ವಿಜೆಟ್ಸ್ ಇವೆಲ್ಲ ತಮ್ಮ ಪರದೆ ತೋರಿಸಲು ಅದನ್ನೇ ನಂಬಿಕೊಂಡಿವೆ. ಮೈಕ್ರೋಸಾಫ್ಟ್ ತಾಣದಿಂದ ವೆಬ್‌ವ್ಯೂ2 ರನ್‌ಟೈಮ್ ಮತ್ತೆ ಇಳಿಸಿ ಹಾಕಿದ ಮೇಲೆ ಸರಿಹೋಯಿತು, ಆದರೆ ಅವಳ ಅರ್ಧ ದಿನ ಹೋಯಿತು. ಅದಕ್ಕೇ ಹೇಳುತ್ತೇನೆ, ಗೊತ್ತಿಲ್ಲದವರ ಸ್ಕ್ರಿಪ್ಟನ್ನು ಅಡ್ಮಿನ್ ಅಧಿಕಾರ ಕೊಟ್ಟು ಓಡಿಸುವುದು ಎಡ್ಜ್ ಇಟ್ಟುಕೊಳ್ಳುವುದಕ್ಕಿಂತ ನೂರು ಪಟ್ಟು ಅಪಾಯ. ಎಡ್ಜ್ ಅಪ್‌ಡೇಟ್ ಸರ್ವೀಸನ್ನು ನಿಲ್ಲಿಸುವುದೂ ಬೇಡ, ವೆಬ್‌ವ್ಯೂ2ಕ್ಕೆ ಅಪ್‌ಡೇಟ್ ಬರುವುದೂ ಅದೇ ದಾರಿಯಲ್ಲಿ.

ಯುರೋಪಿನಲ್ಲಿ ಕಾನೂನು ಬದಲಾದ ಮೇಲೆ, 2024ರಿಂದ, ಅಲ್ಲಿಯವರು ಎಡ್ಜನ್ನು ಬೇರೆ ಆ್ಯಪ್ ತೆಗೆದ ಹಾಗೇ ಅನ್‌ಇನ್‌ಸ್ಟಾಲ್ ಮಾಡಬಹುದು. ನಮಗೆ ಆ ಸೌಲಭ್ಯ ಕೊಟ್ಟಿಲ್ಲ. ಕೊಡಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ, ದುಡ್ಡು ಕೊಟ್ಟು ತಂದ ಕಂಪ್ಯೂಟರಲ್ಲಿ ಏನಿರಬೇಕು ಅಂತ ತೀರ್ಮಾನಿಸುವ ಹಕ್ಕು ನಮ್ಮದೇ ಅಲ್ವಾ.

ಸರಿ, ಮಲಗಿಸುವುದು ಹೇಗೆ? ಸೆಟ್ಟಿಂಗ್ಸ್ ತೆರೆದು ಆ್ಯಪ್ಸ್, ಡಿಫಾಲ್ಟ್ ಆ್ಯಪ್ಸ್‌ಗೆ ಹೋಗಿ, ಕ್ರೋಮ್ ಅಥವಾ ಫೈರ್‌ಫಾಕ್ಸ್ ಹುಡುಕಿ "ಸೆಟ್ ಡಿಫಾಲ್ಟ್" ಒತ್ತಿ. ಅಲ್ಲೇ ಕೆಳಗೆ ಪಿಡಿಎಫ್ ಯಾವುದರಲ್ಲಿ ತೆರೆಯಬೇಕು ಅಂತಲೂ ನೋಡಿ, ಕರೆಂಟ್ ಬಿಲ್ ಪಿಡಿಎಫ್ ಒತ್ತಿದಾಗೆಲ್ಲ ಎಡ್ಜ್ ಎದ್ದು ಬರುವುದು ಇದನ್ನು ಬದಲಾಯಿಸದೆ ಬಿಟ್ಟಿದ್ದಕ್ಕೇ. ಆಮೇಲೆ ಎಡ್ಜನ್ನು ಒಂದು ಸಲ ತೆರೆಯಿರಿ. ಅದರ ಸೆಟ್ಟಿಂಗ್ಸ್‌ನಲ್ಲಿ "ಸಿಸ್ಟಮ್ ಆ್ಯಂಡ್ ಪರ್ಫಾರ್ಮೆನ್ಸ್" ಇದೆ. ಅಲ್ಲಿ "ಸ್ಟಾರ್ಟಪ್ ಬೂಸ್ಟ್" ಆಫ್ ಮಾಡಿ, ನೀವು ತೆರೆಯದಿದ್ದರೂ ಎಡ್ಜನ್ನು ಹಿನ್ನೆಲೆಯಲ್ಲಿ ಸಿದ್ಧವಾಗಿ ಇಡುವುದು ಅದೇ. ಎಡ್ಜ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಎಕ್ಸ್‌ಟೆನ್ಷನ್‌ಗಳು ಓಡುತ್ತಿರಲಿ ಅನ್ನುವ ಇನ್ನೊಂದು ಸ್ವಿಚ್ಚೂ ಇದೆ, ಅದನ್ನೂ ಆಫ್ ಮಾಡಿ. 4 ಜಿಬಿ ರ್‍ಯಾಮ್ ಇರುವ ಹಳೇ ಲ್ಯಾಪ್‌ಟಾಪ್ ಆದರೆ ಇವೆರಡನ್ನು ಮರೆಯಲೇಬೇಡಿ. ಹೊಸ ಟ್ಯಾಬ್ ಪುಟದಲ್ಲಿ ಸುದ್ದಿ, ಚಿತ್ರ, ಜಾಹೀರಾತು ಎಲ್ಲಾ ತುಂಬಿಕೊಂಡು ಬರುತ್ತದಲ್ಲ, ಅಲ್ಲೇ ಹಲ್ಲುಚಕ್ರದ ಗುರುತು ಒತ್ತಿ ಅದನ್ನೂ ನಿಲ್ಲಿಸಿ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಕೆಲಸ ಮಾಡುವವರೇ ನಮ್ಮಲ್ಲಿ ಜಾಸ್ತಿ, ಆ ಪುಟ ತಿನ್ನುವ ಡೇಟಾ ನಮ್ಮ ಜೇಬಿನದ್ದು. ಟಾಸ್ಕ್‌ಬಾರ್‌ನಲ್ಲಿರುವ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ "ಅನ್‌ಪಿನ್" ಕೊಟ್ಟರೆ ಕಣ್ಣಿಗೂ ಬೀಳುವುದಿಲ್ಲ. ಇಷ್ಟಾದರೂ ಸ್ಟಾರ್ಟ್ ಮೆನುವಿನಲ್ಲಿ ವೆಬ್ ಹುಡುಕಿದರೆ ಎಡ್ಜೇ ತೆರೆಯುತ್ತದೆ, ಅದು ನಿಮ್ಮ ತಪ್ಪಲ್ಲ.

ಇನ್ನು ಯಾರೂ ನೋಡದ ಒಂದು ಜಾಗ ಇದೆ. ಸುಂಟಿಕೊಪ್ಪದ ಹತ್ತಿರ ನಮ್ಮ ಚಿಕ್ಕಪ್ಪ ಹೋಮ್‌ಸ್ಟೇ ನಡೆಸುತ್ತಾರೆ. "ನಾನು ಎಡ್ಜ್ ಮುಟ್ಟಿಯೇ ಇಲ್ಲ ಮಗಾ" ಅಂದರು. ನಾನು ತೆರೆದು ಸೆಟ್ಟಿಂಗ್ಸ್‌ನಲ್ಲಿ ಪಾಸ್‌ವರ್ಡ್ಸ್ ನೋಡಿದೆ. ಉದ್ದ ಪಟ್ಟಿ. ಬ್ಯಾಂಕು, ಮೇಲು, ಬುಕಿಂಗ್ ತಾಣ, ಎಲ್ಲವೂ ಅಲ್ಲಿ. ಕಂಪ್ಯೂಟರ್ ತಂದ ದಿನ ಎಡ್ಜ್ ಏನೋ ಕೇಳಿದಾಗ ಅವರು ಓಕೆ ಓಕೆ ಅಂತ ಒತ್ತಿದ್ದಾರೆ, ಕ್ರೋಮ್‌ನಲ್ಲಿದ್ದದ್ದೆಲ್ಲ ನಕಲಾಗಿ ಬಂದು ಕೂತಿದೆ. ಆ ಕಂಪ್ಯೂಟರಿಗೆ ಲಾಗಿನ್ ಪಾಸ್‌ವರ್ಡೇ ಇರಲಿಲ್ಲ. ಕಣ್ಣಿನ ಗುರುತು ಒತ್ತಿದೆ, ಚುಕ್ಕಿಗಳು ಹೋಗಿ ಬ್ಯಾಂಕ್ ಪಾಸ್‌ವರ್ಡ್ ಅಕ್ಷರ ಅಕ್ಷರವಾಗಿ ಕಾಣಿಸಿತು. ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದರು. ಹೊರಗೆ ಜಗುಲಿಯಲ್ಲೇ ಇರುವ ಕಂಪ್ಯೂಟರ್ ಅದು, ಬಂದ ಅತಿಥಿಗಳು ಬೋರ್ಡಿಂಗ್ ಪಾಸ್ ಪ್ರಿಂಟ್ ತೆಗೆಯಲು ಕೂರುವುದು ಅದೇ ಕುರ್ಚಿಯಲ್ಲಿ.

ಆದ್ದರಿಂದ ಮಲಗಿಸುವ ಮೊದಲು ಖಾಲಿ ಮಾಡಿ. ಎಡ್ಜ್‌ನಲ್ಲಿ ನಿಮ್ಮ ಖಾತೆಗೆ ಸೈನ್ ಇನ್ ಆಗಿದ್ದರೆ ಮೊದಲು ಸೈನ್ ಔಟ್ ಆಗಿ. ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ, "ಆಲ್ ಟೈಮ್" ಆರಿಸಿ, ಪಾಸ್‌ವರ್ಡ್, ಆಟೋಫಿಲ್, ಕುಕೀಸ್ ಎಲ್ಲದಕ್ಕೂ ಗುರುತು ಹಾಕಿ ಅಳಿಸಿ. ಈ ಕ್ರಮ ತಪ್ಪಿಸಬೇಡಿ. ಸೈನ್ ಇನ್ ಇದ್ದಾಗಲೇ ಅಳಿಸಿದರೆ ಸಿಂಕ್ (ಒಂದೇ ಖಾತೆಯ ಸಾಧನಗಳನ್ನು ಒಂದೇ ಥರ ಇಡುವ ವ್ಯವಸ್ಥೆ) ಮೂಲಕ ನಿಮ್ಮ ಫೋನಿನ ಎಡ್ಜ್‌ನಲ್ಲಿ ಇರುವುದೂ ಅಳಿಸಿ ಹೋಗಬಹುದು. ಆಮೇಲೆ ವಿಂಡೋಸಿಗೆ ಒಂದು ಪಿನ್ ಹಾಕಿ.

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಆದರೂ 22ಎಚ್2 ಆವೃತ್ತಿ ಇದ್ದವರಿಗೆ ಎಡ್ಜ್ ಅಪ್‌ಡೇಟ್ ಕನಿಷ್ಠ 2028ರ ಅಕ್ಟೋಬರ್‌ವರೆಗೆ ಬರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ವಿಂಡೋಸ್ 7 ಕಂಪ್ಯೂಟರನ್ನು ಇನ್ನೂ ಇಟ್ಟುಕೊಂಡವರ ಕಥೆ ಬೇರೆ. ಅಲ್ಲಿ ಎಡ್ಜೂ ಕ್ರೋಮೂ ಎರಡೂ 109ನೇ ಆವೃತ್ತಿಗೆ ನಿಂತುಹೋಗಿವೆ. ಒಂದನ್ನು ತೆಗೆದು ಇನ್ನೊಂದನ್ನು ಇಟ್ಟುಕೊಂಡರೆ ಏನೂ ಬದಲಾಗುವುದಿಲ್ಲ, ಅದರಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ. ಮ್ಯಾಕ್ ಇರುವವರಿಗೆ ಸಫಾರಿ ತೆಗೆಯಲು ಬರುವುದಿಲ್ಲ, ಡಿಫಾಲ್ಟ್ ಬದಲಾಯಿಸಿ ಬಿಟ್ಟುಬಿಡಿ. ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಬೇಡವಾದರೆ ಆರಾಮಾಗಿ ತೆಗೆಯಬಹುದು, ಬೇರೊಂದನ್ನು ಮೊದಲು ಹಾಕಿಕೊಳ್ಳಿ ಅಷ್ಟೇ.

ಆ ಚಿಕ್ಕಪ್ಪನ ಮನೆಯಲ್ಲೇ ಜುಲೈನಲ್ಲಿ ಇನ್ನೊಂದು ನಡೆಯಿತು. ಕ್ರೋಮ್ ಅಪ್‌ಡೇಟ್ ಆಗುತ್ತಿರುವಾಗಲೇ ಕರೆಂಟ್ ಹೋಗಿ, ಮತ್ತೆ ಆನ್ ಮಾಡಿದರೆ ಕ್ರೋಮ್ ತೆರೆಯಲೇ ಇಲ್ಲ. ಹೊರಗೆ ಜಡಿಮಳೆ, ಫೋನಿನಲ್ಲಿ ಸಿಗ್ನಲ್ ಒಂದು ಕಡ್ಡಿ, ರಾತ್ರಿ ಎಂಟಕ್ಕೆ ಬೆಂಗಳೂರಿಂದ ಬರಬೇಕಿದ್ದ ಅತಿಥಿಗಳ ಬುಕಿಂಗ್ ನೋಡಬೇಕು. ಸ್ಟಾರ್ಟ್ ಮೆನುವಿನಲ್ಲಿ ಎಡ್ಜ್ ಅಂತ ಟೈಪ್ ಮಾಡಿ ಅಂದೆ ಫೋನಿನಲ್ಲೇ. ತೆರೆಯಿತು. ಮೇಲ್ ನೋಡಿದರು, ಆರು ಜನ, ಇಬ್ಬರಿಗೆ ಊಟದಲ್ಲಿ ಹಂದಿ ಮಾಂಸ ಬೇಡ ಅಂತ ಬರೆದಿತ್ತು. ಕ್ರೋಮನ್ನು ಮರುದಿನ ಮಡಿಕೇರಿಗೆ ಹೋದಾಗ ಪೆನ್‌ಡ್ರೈವ್‌ನಲ್ಲಿ ಇಳಿಸಿಕೊಂಡು ಬಂದೆವು.