ಮೀನಿನ ತುಂಡು ಮೊದಲು ನಿಮ್ಮ ಬಟ್ಟಲಿಗೆ

ಕಳೆದ ವಾರ ನಮ್ಮ ಪಕ್ಕದ ಮನೆಯ ಸೊಸೆ ಬಂದು ಜಗಲಿಯಲ್ಲಿ ಕುಳಿತಳು. ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕಿಮೋ, ರೇಡಿಯೇಶನ್ ಎಲ್ಲ ಮುಗಿದು ಎರಡು ತಿಂಗಳಾಗಿದೆ. "ದೊಡ್ಡಮ್ಮ, ಇನ್ನು ಮೇಲೆ ನಾನು ಏನು ತಿನ್ನಬೇಕು?" ಎಂದು ಕೇಳಿದಳು. ಹನ್ನೊಂದು ವರ್ಷಗಳ ಹಿಂದೆ ಇದೇ ಪ್ರಶ್ನೆ ಹಿಡಿದುಕೊಂಡು ಕಂಡಕಂಡವರನ್ನೆಲ್ಲ ಕೇಳಿದವಳು ನಾನು. ಆದ್ದರಿಂದ ಉತ್ತರ ಹೇಳುವ ಮೊದಲು ನಾನೇ ಅವಳನ್ನು ಕೇಳಿದೆ: "ಮೊನ್ನೆ ಭಾನುವಾರ ಮಧ್ಯಾಹ್ನ ಎಷ್ಟು ಗಂಟೆಗೆ ಉಂಡೆ? ಬಟ್ಟಲಿನಲ್ಲಿ ಏನಿತ್ತು?" ಎರಡೂ ಮುಕ್ಕಾಲಿಗೆ ಉಂಡಳಂತೆ, ಮಾವ, ಗಂಡ, ಮಕ್ಕಳು ಎಲ್ಲರದೂ ಆದ ಮೇಲೆ. ಬಂಗುಡೆ ಪುಳಿಮುಂಚಿ ಮಾಡಿದ್ದಳು. ಅವಳ ಪಾಲಿಗೆ ಉಳಿದದ್ದು ಒಂದು ತಲೆ, ಎರಡು ಸೌಟು ರಸ, ಬೇಕಾದಷ್ಟು ಅನ್ನ.

ನನಗೆ ಸಂಕಟವಾಯಿತು. ಯಾರೂ ಅವಳಿಗೆ ಕೊಡಬಾರದೆಂದು ಮಾಡಿದ್ದಲ್ಲ. ಅಟ್ಟವಳು ಕೊನೆಗೆ ಉಣ್ಣುವುದು ನಮ್ಮ ಮನೆಗಳಲ್ಲಿ ನಡೆದುಕೊಂಡು ಬಂದ ರೂಢಿ. ಆದರೆ ಕಿಮೋ ಆದ ದೇಹದಲ್ಲಿ ಮಾಂಸಖಂಡ ಕರಗಿರುತ್ತದೆ, ಅದನ್ನು ಮತ್ತೆ ಕಟ್ಟುವುದು ಪ್ರೋಟೀನು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಂ ಪ್ರೋಟೀನಿಗಿಂತ ಕಡಿಮೆಯಾಗಬಾರದು, ಸಾಧ್ಯವಾದರೆ ಇನ್ನಷ್ಟು ಇರಲಿ ಎನ್ನುತ್ತಾರೆ ವೈದ್ಯರು. ಅರವತ್ತು ಕಿಲೋದವಳಿಗೆ ದಿನಕ್ಕೆ 60 ಗ್ರಾಂ ಆಯಿತು. ಲೆಕ್ಕ ಹಾಕಿ ನೋಡಿ: ಮುಳ್ಳು ಬಿಡಿಸಿದ ಬಂಗುಡೆಯ ಮಾಂಸ ನೂರು ಗ್ರಾಂ ಇದ್ದರೆ ಅದರಲ್ಲಿ ಸುಮಾರು 20 ಗ್ರಾಂ ಪ್ರೋಟೀನು. ಒಂದು ಮೊಟ್ಟೆಯಲ್ಲಿ ಆರು. ಒಂದು ಲೋಟ ಹಾಲಿನಲ್ಲಿ ಆರು. ಒಂದು ಹಿಡಿ, ಅಂದರೆ 30 ಗ್ರಾಂ, ಒಣ ಹುರುಳಿ ಅಥವಾ ಹೆಸರುಕಾಳಿನಲ್ಲಿ ಆರೇಳು. ರಸದಲ್ಲಿ ಹುಳಿ, ಖಾರ, ಉಪ್ಪು ಬಿಟ್ಟರೆ ಹೆಚ್ಚೇನೂ ಇಲ್ಲ. ಆದ್ದರಿಂದ ನನ್ನ ಮೊದಲ ಸಲಹೆ ಅಡುಗೆಯದಲ್ಲ, ಬಡಿಸುವುದರದು. ಒಲೆಯಿಂದ ಇಳಿಸಿದ ಕೂಡಲೇ ನಿಮ್ಮ ಪಾಲಿನ ಎರಡು ತುಂಡು ಮೀನನ್ನು, ಸಸ್ಯಾಹಾರಿಗಳಾದರೆ ತಳದಲ್ಲಿ ಕುಳಿತ ಕಾಳನ್ನು, ಬೇರೆ ಬಟ್ಟಲಿಗೆ ತೆಗೆದಿಟ್ಟು ಮುಚ್ಚಿ. ಒಂದು ಗಂಟೆಗೆ ಎಲ್ಲರ ಜೊತೆ ಕುಳಿತುಕೊಳ್ಳಿ. ಬಡಿಸಲು ಗಂಡಸರಿಗೂ ಕೈ ಇದೆ. (ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನಿನ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.)

ಉಣ್ಣಲು ಕುಳಿತರೂ ಬಾಯಿ ಒಪ್ಪಬೇಕಲ್ಲ. ಕಿಮೋ ಮುಗಿದು ಕೆಲವು ವಾರಗಳವರೆಗೆ, ಕೆಲವರಿಗೆ ತಿಂಗಳುಗಟ್ಟಲೆ, ಏನು ತಿಂದರೂ ತುಕ್ಕುಹಿಡಿದ ಕಬ್ಬಿಣ ನೆಕ್ಕಿದ ಹಾಗೆ ಇರುತ್ತದೆ. ನನಗೆ ಸ್ಟೀಲ್ ಚಮಚ ತುಟಿಗೆ ತಾಗಿದರೆ ಸಾಕು, ಓಕರಿಕೆ ಬರುತ್ತಿತ್ತು. ಒಂದು ದಿನ ಅಮ್ಮನ ನೆನಪಾಗಿ ಹಿತ್ತಲಿನ ಹಲಸಿನ ಮರದಿಂದ ನಾಲ್ಕು ಎಲೆ ಕೊಯ್ದೆ. ಬಲಿತ, ಆದರೆ ಇನ್ನೂ ಬಗ್ಗುವ ಎಲೆ. ತೊಳೆದು ಒರೆಸಿ, ಕೆಳಗಿನ ಅರ್ಧವನ್ನು ದೊನ್ನೆಯ ಮೂಲೆಯ ಹಾಗೆ ಮಡಚಿ, ತೆಂಗಿನ ಗರಿಯ ಕಡ್ಡಿಯ ಒಂದು ಚೂರನ್ನು ಅಡ್ಡಕ್ಕೆ ಚುಚ್ಚಿದೆ. ಗಂಜಿ ಕುಡಿಯಲು ನಾವು ಚಿಕ್ಕವರಿದ್ದಾಗ ಇದ್ದ ಚಮಚ ಅದೇ. ಅದರಲ್ಲಿ ಉಗುರು ಬೆಚ್ಚಗಿನ ಕುಚ್ಚಲಕ್ಕಿ ಗಂಜಿ ಎತ್ತಿ ಬಾಯಿಗಿಟ್ಟಾಗ, ಎಷ್ಟೋ ವಾರಗಳ ನಂತರ ಅನ್ನದ ರುಚಿ ಅನ್ನದ ಹಾಗೆಯೇ ಬಂದಿತ್ತು. ಲೋಹದ ರುಚಿ ಬರುವವರು ಮರದ ಅಥವಾ ಪ್ಲಾಸ್ಟಿಕ್ ಚಮಚ ಬಳಸಬೇಕೆಂದು ಆಸ್ಪತ್ರೆಯಲ್ಲಿಯೂ ಹೇಳುತ್ತಾರೆ. ನಮಗೆ ಮರವೇ ಹಿತ್ತಲಿನಲ್ಲಿದೆ. ಬಾಯಿ ಹುಣ್ಣು ಆರಿದ ಮೇಲೆ ಪುನರ್ಪುಳಿ ಸಾರು, ಲಿಂಬೆ ಹಿಂಡಿದ ತಂಬುಳಿ ರುಚಿಯನ್ನು ಎಬ್ಬಿಸುತ್ತವೆ. ಹುಣ್ಣು ಇರುವಾಗ ಹುಳಿ ಬೇಡ, ಉರಿಯುತ್ತದೆ.

ಗಂಜಿ ಒಳ್ಳೆಯದೇ, ಆದರೆ ಗಂಜಿಯ ಜೊತೆ ಉಪ್ಪಿನಕಾಯಿ ಮಾತ್ರ ಎಂದರೆ ಅದು ಊಟವಲ್ಲ. ನಮ್ಮ ಊರಿನ ಊಟದಲ್ಲಿ ಏನೂ ಕೊರತೆ ಇಲ್ಲ, ಅಳತೆ ಮಾತ್ರ ತಲೆಕೆಳಗಾಗಿದೆ. ಬಟ್ಟಲಿನ ಮುಕ್ಕಾಲು ಅನ್ನ, ಅಂಚಿನಲ್ಲಿ ಒಂದು ಚಿಟಿಕೆ ಪಲ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಬಟ್ಟಲಿನ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು ಇರಬೇಕೆಂದು ಹೇಳಿದೆ. ಪಲ್ಯವನ್ನು ಮೊದಲು ಬಡಿಸಿಕೊಂಡು, ಉಳಿದ ಜಾಗಕ್ಕೆ ಅನ್ನ ಹಾಕಿಕೊಂಡರೆ ಅಳತೆ ತನ್ನಿಂದ ತಾನೇ ಸರಿಹೋಗುತ್ತದೆ. ಬಾಳೆದಿಂಡಿಗೆ ಹೆಸರುಕಾಳು ಸೇರಿಸಿದ ಪಲ್ಯ, ಹರಿವೆ ಸೊಪ್ಪಿನ ಸಾಸಿವೆ, ನುಗ್ಗೆ ಸೊಪ್ಪಿನ ಪಲ್ಯ, ಬಸಳೆಗೆ ಹಲಸಿನ ಬೀಜ ಹಾಕಿದ ಪದಾರ್ಥ, ಅಲಸಂಡೆ, ತೊಂಡೆ, ಋತುವಿದ್ದಾಗ ಮಟ್ಟುಗುಳ್ಳದ ಹುಳಿ. ಮಾತ್ರೆಗಳಿಂದ ಮಲಬದ್ಧತೆ ಆದವರಿಗೆ ಬಾಳೆದಿಂಡು ಮತ್ತು ಪೂಂಬೆ, ಅಂದರೆ ಬಾಳೆಯ ಹೂವಿನಷ್ಟು ಹಿತವಾದದ್ದು ನನಗೆ ಬೇರೆ ಕಂಡಿಲ್ಲ. ಜೊತೆಗೆ ನೀರು ಕುಡಿಯಬೇಕು, ನಾರು ಮಾತ್ರ ತಿಂದು ನೀರು ಮರೆತರೆ ಇನ್ನೂ ಬಿಗಿಯುತ್ತದೆ.

ಬೆಳಗಿನ ತಿಂಡಿಯಲ್ಲಿ ನೀರುದೋಸೆ, ಪುಂಡಿ, ಶ್ಯಾವಿಗೆ ಎಲ್ಲವೂ ಬರಿಯ ಬೆಳ್ತಿಗೆ ಅಕ್ಕಿ. ಬಿಡಬೇಕಾಗಿಲ್ಲ. ವಾರದಲ್ಲಿ ಎರಡು ದಿನ ಹೆಸರುಕಾಳಿನ ದೋಸೆ ಮಾಡಿ, ಪುಂಡಿ ಮಾಡಿದ ದಿನ ಜೊತೆಗೆ ಕಡಲೆ ಸುಕ್ಕವೋ ಹುರುಳಿ ಚಟ್ನಿಯೋ ಇರಲಿ. ಹುರುಳಿಯನ್ನು ರಾತ್ರಿಯೇ ನೆನೆಸಿ, ಬೇಯಿಸಿದ ನೀರಿನಲ್ಲಿ ಸಾರು ಮಾಡಿ, ಕಾಳನ್ನು ದನಕ್ಕೆ ಹಾಕುತ್ತಿದ್ದ ಕಾಲ ಒಂದಿತ್ತು. ಆ ಕಾಳೇ ನಿಮಗೆ ಬೇಕಾದದ್ದು. ತೆಂಗಿನಕಾಯಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಕಾಯಿ ಇಲ್ಲದೆ ನಮ್ಮ ಅಡುಗೆ ಇಲ್ಲ, ಆದರೆ ನಾಲ್ಕು ಜನರ ಗಸಿಗೆ ಒಂದು ಇಡೀ ಕಾಯಿ ಬೇಕಾಗಿಲ್ಲ. ಅರ್ಧ ಕಾಯಿ ಹಾಕಿ, ಹುರಿದ ಒಂದು ಈರುಳ್ಳಿಯನ್ನೂ ಒಂದು ಚಮಚ ಹೆಚ್ಚು ಕೊತ್ತಂಬರಿಯನ್ನೂ ಸೇರಿಸಿ ಅರೆದರೆ ಗಸಿ ಮಂದವಾಗಿಯೇ ಬರುತ್ತದೆ. ನಮ್ಮ ಮನೆಯಲ್ಲಿ ಮೊಮ್ಮಕ್ಕಳಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆಯಷ್ಟು ಒಳ್ಳೆಯದು ದುಬಾರಿಯ ಅಂಜಲ್ ಕೂಡ ಅಲ್ಲ. ಒಮೆಗಾ-3 ಕೊಬ್ಬು ಅವುಗಳಲ್ಲಿ ಹೇರಳ. ರವೆ ಹೊರಳಿಸಿ ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದನ್ನು ತಿಂಗಳಿಗೊಮ್ಮೆಗೆ ಇಟ್ಟುಕೊಳ್ಳಿ. ಉಳಿದ ದಿನ ಪುಳಿಮುಂಚಿ, ಇಲ್ಲವೇ ಮಸಾಲೆ ಹಚ್ಚಿ ಬಾಳೆಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಬೇಯಿಸಿದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಮಲ್ಪೆಯಲ್ಲಿ ತಾಜಾ ಮೀನು ಅಪರೂಪ. ಆಗ ದಿನವೂ ಒಣಮೀನಿಗೆ ಕೈ ಹೋಗುತ್ತದೆ. ಅದರಲ್ಲಿರುವ ಉಪ್ಪು ವಿಪರೀತ. ಆ ಎರಡು ತಿಂಗಳು ಮೊಟ್ಟೆ ಮತ್ತು ಕಾಳಿನ ಮೇಲೆ ನಡೆಯಲಿ.

ಹಾರ್ಮೋನ್ ಮಾತ್ರೆ ಬರೆದುಕೊಟ್ಟವರಿಗೆ ಅದು ಐದು ವರ್ಷ, ಕೆಲವರಿಗೆ ಹತ್ತು ವರ್ಷ ಇರುತ್ತದೆ. ಅವುಗಳಲ್ಲಿ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ತೆಗೆದುಕೊಳ್ಳುವವರಿಗೆ ಮೂಳೆ ತೆಳುವಾಗುತ್ತದೆ, ಬೆಳಿಗ್ಗೆ ಎದ್ದಾಗ ಕೀಲುಗಳು ಹಿಡಿದುಕೊಳ್ಳುತ್ತವೆ. ಇವರಿಗೆ ರಾಗಿ ನಿಜವಾದ ಗೆಳತಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ಸುಮಾರು 120. ಆದರೆ ನಮ್ಮ ರಾಗಿ ಮಣ್ಣಿಯಲ್ಲಿ ರಾಗಿ ಅರೆದು ಹಾಲು ಸೋಸಿ ಚರಟವನ್ನು ಎಸೆಯುತ್ತೇವೆ, ಮೇಲೆ ಅಚ್ಚು ಬೆಲ್ಲ ಸುರಿಯುತ್ತೇವೆ. ಸೋಸದೆ, ಹಿಟ್ಟನ್ನೇ ಕದಡಿ ಕುದಿಸಿ, ತಣಿದ ಮೇಲೆ ಮಜ್ಜಿಗೆ ಬೆರೆಸಿ ಕುಡಿಯಿರಿ. ಮುಳ್ಳುಸಹಿತ ತಿನ್ನುವ ಕೊಲ್ಲತರು ಎಂಬ ಸಣ್ಣ ಮೀನು, ಚಟ್ನಿಗೆ ಹುರಿದು ಹಾಕಿದ ಒಂದು ಚಮಚ ಎಳ್ಳು, ಗಟ್ಟಿ ಮೊಸರು ಕೂಡ ಮೂಳೆಗೆ ಬೇಕಾದವು. ನಮ್ಮ ಮಳೆಗಾಲದಲ್ಲಿ ಬಿಸಿಲೇ ಕಾಣುವುದಿಲ್ಲ, ಆದ್ದರಿಂದ ವಿಟಮಿನ್ ಡಿ ಎಷ್ಟಿದೆ ಎಂದು ರಕ್ತ ಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಷ್ಟೇ ಮಾತ್ರೆ ತೆಗೆದುಕೊಳ್ಳಿ.

ಚಿಕಿತ್ಸೆ ಮುಗಿದ ವರ್ಷ ನನ್ನ ತೂಕ ಏಳು ಕಿಲೋ ಏರಿತು. ನೋಡಲು ಬಂದವರೆಲ್ಲ "ಬಡವಾಗಿದ್ದಾಳೆ" ಎಂದು ತುಪ್ಪದ ಉಂಡೆ, ಹಾಲುಬಾಯಿ, ಪೇಟೆಯ ಶಕ್ತಿಪುಡಿ ತಂದರು. ಪ್ರೀತಿಯಿಂದ ತಂದದ್ದು, ಬೇಡವೆನ್ನಲು ಆಗಲಿಲ್ಲ. ತೂಕ ಏರಿದರೆ ಈ ಕಾಯಿಲೆಯಲ್ಲಿ ಒಳ್ಳೆಯದಲ್ಲವೆಂದು, ಕೈ ಊದಿಕೊಳ್ಳುವುದಕ್ಕೂ ಅದು ಕಾರಣವಾಗುತ್ತದೆಂದು ಆಮೇಲೆ ತಿಳಿಯಿತು. ಸಕ್ಕರೆ ತಿಂದರೆ ಕ್ಯಾನ್ಸರ್ ನೇರವಾಗಿ ಬೆಳೆಯುತ್ತದೆ ಎಂದು ಹೆದರಿ ಒಂದು ಬಾಳೆಹಣ್ಣನ್ನೂ ಬಿಟ್ಟವರಿದ್ದಾರೆ. ಅಷ್ಟು ಹೆದರಬೇಡಿ. ಹಣ್ಣು ತಿನ್ನಿ, ಸಂಜೆಯ ಬನ್ಸ್, ಗೋಳಿಬಜೆ, ಸಿಹಿ ಪಾನೀಯ ಕಡಿಮೆ ಮಾಡಿ, ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಸೋಯಾವನ್ನೂ ಸಾಮಾನ್ಯ ಅಡುಗೆಯ ಪ್ರಮಾಣದಲ್ಲಿ ತಿನ್ನಬಹುದು, ಅದರ ಮಾತ್ರೆ, ಪುಡಿಗಳು ಬೇಡ. ಸಾಸೇಜ್, ಬೇಕನ್‌ಗಳನ್ನು ಬಿಡುವುದೇ ಮೇಲು. ಮದ್ಯವೂ ಬೇಡ, ಶೇಂದಿಯೂ ಮದ್ಯವೇ.

ಇನ್ನು ಕೈಯ ಮಾತು. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ, ಏಕೆಂದರೆ ಅಡುಗೆಮನೆಯಲ್ಲಿಯೇ ಇದು ಕೆಡುವುದು. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ಆ ಬದಿಯ ಕೈಯಲ್ಲಿ ದ್ರವ ಹರಿದುಹೋಗುವ ದಾರಿ ಕಿರಿದಾಗಿರುತ್ತದೆ. ಚಿಕ್ಕ ಗಾಯಕ್ಕೆ ಸೋಂಕು ತಗುಲಿದರೂ ಕೈ ಊದಿಕೊಳ್ಳಬಹುದು. ಒಂದು ವರ್ಷ ಕಳೆದ ಮೇಲೆ ನಾನು ಬಂಗುಡೆ ಸ್ವಚ್ಛ ಮಾಡುವಾಗ ಈಜುರೆಕ್ಕೆಯ ಮುಳ್ಳು ಹೆಬ್ಬೆರಳಿಗೆ ಚುಚ್ಚಿತು. ಒರೆಸಿಕೊಂಡು ಕೆಲಸ ಮುಂದುವರಿಸಿದೆ. ಮರುದಿನ ಸಂಜೆಗೆ ಮಣಿಕಟ್ಟಿನವರೆಗೆ ಕೆಂಪು, ಬಿಸಿ, ಬಳೆ ಹೊರಗೆ ಬರುತ್ತಿರಲಿಲ್ಲ. ಜ್ವರವೂ ಬಂತು. ಬಳೆಯನ್ನು ಕತ್ತರಿಸಿ ತೆಗೆಯಬೇಕಾಯಿತು. ಆದ್ದರಿಂದ ಮೀನನ್ನು ಮಾರುವವರಲ್ಲಿಯೇ ಸ್ವಚ್ಛ ಮಾಡಿಸಿ, ಇಲ್ಲವೇ ದಪ್ಪ ರಬ್ಬರ್ ಕೈಗವಸು ಹಾಕಿ. ಮೆಟ್ಟುಕತ್ತಿಯ ಮುಂದೆ ಕುಳಿತು ಹಲಸು, ಸುವರ್ಣಗಡ್ಡೆ ಕೊಯ್ಯುವ ಕೆಲಸವನ್ನು ಬೇರೆಯವರಿಗೆ ಬಿಡಿ. ಹೆರೆಮಣೆಯಲ್ಲಿ ಕಾಯಿ ತುರಿಯುವುದಾದರೆ ಆರಂಭದಲ್ಲಿ ಅರ್ಧ ಕಡಿ ಸಾಕು, ದಿನ ಕಳೆದಂತೆ ಹೆಚ್ಚಿಸಿ. ಆ ಕೈಯನ್ನು ಪೂರ್ತಿ ಸುಮ್ಮನಿರಿಸುವುದೂ ತಪ್ಪು, ಫಿಸಿಯೋಥೆರಪಿಯವರು ಕಲಿಸಿದ ವ್ಯಾಯಾಮ ಬಿಡಬಾರದು. ಗಂಜಿಯ ಚೆರಿಗೆಯನ್ನು ಒಬ್ಬರೇ ಎತ್ತಬೇಡಿ. ಗಾಯವಾದರೆ ಸಾಬೂನು ನೀರಿನಲ್ಲಿ ತೊಳೆದು ಮದ್ದು ಹಚ್ಚಿ. ಕೆಂಪು, ಬಿಸಿ, ಜ್ವರ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕಷಾಯಗಳ ಬಗ್ಗೆ ನನಗೆ ಹೆದರಿಕೆ ಇದೆ, ಮುಚ್ಚಿಡುವುದಿಲ್ಲ. ಲಕ್ಷ್ಮಣ ಫಲದ ಎಲೆ ಕುದಿಸಿ ಕುಡಿದರೆ ಕ್ಯಾನ್ಸರ್ ಹೋಗುತ್ತದೆಂದು ನಮ್ಮ ಕಡೆ ಮನೆಮನೆಗೂ ಗಿಡ ಬಂದಿದೆ. ಮನುಷ್ಯರಲ್ಲಿ ಅದು ಗುಣಪಡಿಸಿದ್ದಕ್ಕೆ ಆಧಾರವಿಲ್ಲ, ಹೆಚ್ಚು ದಿನ ಸೇವಿಸಿದರೆ ನರಗಳಿಗೆ ಹಾನಿಯಾಗಬಹುದೆಂಬ ಎಚ್ಚರಿಕೆ ಇದೆ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ತಂದ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ನಮ್ಮ ಹಿರಿಯರದು, ನನಗೂ ಅದರ ಮೇಲೆ ಗೌರವವಿದೆ. ಆದರೆ ಕತ್ತಲಲ್ಲಿ ಮರ ತಪ್ಪಿ ಬೇರೆ ತೊಗಟೆ ತಂದರೆ ವಿಷವಾಗಬಹುದು, ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕುಡಿಯಬೇಡಿ. ಅಂದಿನ ಮೆಂತೆ ಗಂಜಿಯನ್ನು ಧಾರಾಳವಾಗಿ ಉಣ್ಣಿ. ಅಡುಗೆಯ ಅರಿಶಿನ ಒಳ್ಳೆಯದೇ. ಅರಿಶಿನದ ಸತ್ವದ ಮಾತ್ರೆ ಮಾತ್ರ ಟಮಾಕ್ಸಿಫೆನ್ ಎಂಬ ಹಾರ್ಮೋನ್ ಮಾತ್ರೆಯ ಕೆಲಸಕ್ಕೆ ಅಡ್ಡಬರಬಹುದು. ಹಿತ್ತಲಿನ ಚಕ್ಕೋತವೂ ಹಾಗೆಯೇ, ಕ್ಯಾನ್ಸರಿನ ಕೆಲವು ಹೊಸ ಮಾತ್ರೆಗಳಿಗೆ ಹೊಂದುವುದಿಲ್ಲ, ಮೊದಲು ಕೇಳಿಕೊಳ್ಳಿ.

ರಥಬೀದಿಯ ಹತ್ತಿರ ನನ್ನ ಗೆಳತಿಯೊಬ್ಬಳಿದ್ದಾಳೆ, ಚಿಕಿತ್ಸೆ ಮುಗಿದ ವರ್ಷವೇ ಚಾತುರ್ಮಾಸ್ಯ ಹಿಡಿದಳು. ಮೊದಲ ತಿಂಗಳು ಶಾಕ, ಅಂದರೆ ತರಕಾರಿ ಸೊಪ್ಪು, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ದ್ವಿದಳ, ಅಂದರೆ ಬೇಳೆಕಾಳು, ಬಿಡುವ ವ್ರತ. ಮೀನು, ಮೊಟ್ಟೆ ಮುಟ್ಟದವಳಿಗೆ ಹಾಲು, ಮೊಸರು, ಬೇಳೆಯೇ ಆಸರೆ, ಅವೂ ಒಂದೊಂದಾಗಿ ಹೋದವು. ಏಕಾದಶಿಯ ನಿರಾಹಾರ ಬೇರೆ. ಕೊನೆಯ ತಿಂಗಳು ಮೆಟ್ಟಿಲು ಹತ್ತಲಾರದೆ ಕುಳಿತಾಗ ಅವರ ಮನೆಯ ಪುರೋಹಿತರೇ ಬಂದು, ಆತುರರಿಗೆ, ಅಂದರೆ ಕಾಯಿಲೆಯವರಿಗೆ, ಈ ನಿಯಮವಿಲ್ಲ, ಗುಣವಾದ ಮೇಲೆ ಹಿಡಿಯಿರಿ ಎಂದರು. ಅವಳು ಅತ್ತುಬಿಟ್ಟಳು, ಆಮೇಲೆ ಎದ್ದು ತೊವ್ವೆ ಮಾಡಿಕೊಂಡು ಉಂಡಳು. ನೀವು ಆ ಮಾತನ್ನು ವ್ರತ ಹಿಡಿಯುವ ಮೊದಲೇ ಕೇಳಿಕೊಳ್ಳಿ.

ಮೈಯೆಲ್ಲ ಒಮ್ಮೆಲೇ ಬಿಸಿಯಾಗಿ ಬೆವರುವವರು ಬಿಸಿ ಕಾಫಿ ಮತ್ತು ಅತಿ ಖಾರ ಕಡಿಮೆ ಮಾಡಿ ನೋಡಿ. ಕೆಲವರಿಗೆ ಫಲ ಸಿಗುತ್ತದೆ.

ಪಕ್ಕದ ಮನೆಯವಳಿಗೆ ಹೊರಡುವಾಗ ಒಂದು ಹಳೆಯ ಡೈರಿ ಕೊಟ್ಟೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ತಿಂದದ್ದನ್ನು ಒಂದೊಂದು ಸಾಲು ಬರೆಯಲಿ, ಪಕ್ಕದಲ್ಲಿ ಊಟಕ್ಕೆ ಕುಳಿತ ಹೊತ್ತನ್ನೂ ಬರೆಯಲಿ. ಕೊನೆಯ ಪುಟದಲ್ಲಿ ಎಲ್ಲ ಮಾತ್ರೆ, ಲೇಹ್ಯ, ಕಷಾಯದ ಹೆಸರುಗಳಿರಲಿ. ಮುಂದಿನ ತಪಾಸಣೆಗೆ ಹೋಗುವಾಗ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಬೇಕು.