ಟೇಕಲ್ ಹತ್ರ ಹಳ್ಳೀಲಿ ಮನೆ ತಗೊಂಡ್ವಿ, ಕೆಲಸಕ್ಕೆ ದಿನಾ ಟ್ರೈನು: ನನ್ನ ಅನುಭವ

ಬೆಂಗಳೂರಿನ ಕೆ.ಆರ್.ಪುರದಲ್ಲಿ ವರ್ಷಗಟ್ಟಲೆ ಬಾಡಿಗೆಗಿದ್ದು ಆಮೇಲೆ ಕೋಲಾರ ಜಿಲ್ಲೆ ಮಾಲೂರು ತಾಲೂಕಲ್ಲಿ ಟೇಕಲ್ ಹತ್ರ ಒಂದು ಹಳ್ಳೀಲಿ ಮನೆ ತಗೊಂಡ್ವಿ. ಹೇಗೆ ಹುಡುಕಿದ್ರಿ, ಲೋನ್ ಸಿಕ್ತಾ, ದಿನಾ ಓಡಾಡೋಕಾಗುತ್ತಾ ಅಂತ ಆಫೀಸಲ್ಲಿ ಕೇಳ್ತಾನೇ ಇರ್ತಾರೆ, ಅದಕ್ಕೆ ನಾವು ಮಾಡಿದ್ದನ್ನ ಇದ್ದಂಗೇ ಬರೀತಿದೀನಿ.

ಮನೆ ನೋಡೋಕೆ ಮುಂಚೆ ಟ್ರೈನ್ ನೋಡಿದ್ವಿ. ನಾನು ವೈಟ್‌ಫೀಲ್ಡಲ್ಲಿ ಒಂದು ಕಂಪನೀಲಿ ಅಕೌಂಟ್ಸ್ ನೋಡ್ಕೊಳ್ತೀನಿ, ಹೆಂಡ್ತಿ ಕಂಟೋನ್ಮೆಂಟ್ ಹತ್ರ ಆಸ್ಪತ್ರೇಲಿ ನರ್ಸು, ಎರಡೂ ಬಂಗಾರಪೇಟೆ ಲೈನಲ್ಲೇ ಬರುತ್ತೆ. ಹಂಗಾಗಿ ಮಾಗಡಿ ಕಡೆ ಕಮ್ಮಿಗಿದೆ, ದೊಡ್ಡಬಳ್ಳಾಪುರ ಕಡೆ ಕಮ್ಮಿಗಿದೆ ಅಂತ ಯಾರು ಹೇಳಿದ್ರೂ ಆ ಕಡೆ ಹೋಗಲಿಲ್ಲ. ಈ ಲೈನಲ್ಲಿ ವೈಟ್‌ಫೀಲ್ಡ್ ದಾಟಿದ್ರೆ ದೇವನಗೊಂದಿ, ಮಾಲೂರು, ಬ್ಯಾಟರಾಯನಹಳ್ಳಿ, ಟೇಕಲ್, ಆಮೇಲೆ ಬಂಗಾರಪೇಟೆ. ಮಾಲೂರಲ್ಲಿ ಇಂಡಸ್ಟ್ರಿಯಲ್ ಏರಿಯಾ ಇದೆ, ಹೊಸಕೋಟೆಯಿಂದ ಚೆನ್ನೈ ಕಡೆ ಹೋಗೋ ಎಕ್ಸ್‌ಪ್ರೆಸ್‌ವೇ ಬೇರೆ ಬಂತು, ಅಲ್ಲಿ ಊರೊಳಗಿನ ರೇಟು ನಮ್ಮ ಕೈಗೆ ಸಿಗೋ ಹಂಗಿರಲಿಲ್ಲ. ಒಂದೆರಡು ಸ್ಟೇಷನ್ ಮುಂದೆ ಹೋದ್ರೆ ರೇಟ್ ಇಳಿಯುತ್ತೆ.

ಬೆಳಿಗ್ಗೆ ಹೋಗೋ ಟ್ರೈನ್ ಎಲ್ರೂ ನೋಡ್ತಾರೆ. ನೋಡ್ಬೇಕಾಗಿರೋದು ರಾತ್ರಿ ವಾಪಸ್ ಬರೋದು. ಈ ಲೈನಲ್ಲಿ ಎಕ್ಸ್‌ಪ್ರೆಸ್‌ಗಳು ಬೇಕಾದಷ್ಟು ಓಡ್ತವೆ ಆದ್ರೆ ಸಣ್ಣ ಸ್ಟೇಷನಲ್ಲಿ ನಿಲ್ಲೋದು ಕಮ್ಮಿ, ಆಫೀಸಿಂದ ಸ್ವಲ್ಪ ಲೇಟಾಗಿ ಹೊರಟ್ರೆ ಮುಂದಿನದು ಯಾವುದು, ಅದೂ ತಪ್ಪಿದ್ರೆ ಮನೆಗೆ ಹೇಗೆ ಹೋಗೋದು, ಇದಕ್ಕೆ ಉತ್ತರ ಇಲ್ದೆ ಅಡ್ವಾನ್ಸ್ ಕೊಡ್ಬಾರದು ಅಂತ ಇಬ್ರೂ ಮಾತಾಡ್ಕೊಂಡಿದ್ವಿ. ಮಾಲೂರಲ್ಲಿ ನಮ್ಮ ಚಿಕ್ಕಪ್ಪ ಇದಾರೆ, ಮಳೆಗಾಲದಲ್ಲಿ ಅವ್ರ ಮನೇಲಿದ್ದು ಪಾಸ್ ಮಾಡಿಸ್ಕೊಂಡು ಅಲ್ಲಿಂದಾನೇ ಓಡಾಡಿದ್ವಿ. ಕಂಟೋನ್ಮೆಂಟ್‌ನಿಂದ ವೈಟ್‌ಫೀಲ್ಡ್ ತನಕ ನಾಲ್ಕು ಲೈನ್ ಮಾಡೋ ಕೆಲಸ ನಡೀತಿದ್ದ ಕಾಲ, ಟ್ರೈನ್ ಮಧ್ಯೆ ನಿಲ್ಲಿಸೋದು ಸಾಮಾನ್ಯ, ಎಷ್ಟು ಲೇಟಾಗುತ್ತೆ ಅನ್ನೋದು ಟೈಮ್‌ಟೇಬಲಲ್ಲಿ ಗೊತ್ತಾಗಲ್ಲ, ಓಡಾಡಿದ್ರೇನೇ ಗೊತ್ತಾಗೋದು. ಹೆಂಡ್ತಿ ಆಸ್ಪತ್ರೇಲಿ ಮಾತಾಡಿ ಬೆಳಗಿನ ಶಿಫ್ಟ್ ತಗೊಂಡ್ಳು, ಅದು ಆಗದೇ ಹೋಗಿದ್ರೆ ಈ ಮನೇನೇ ತಗೊಳ್ತಿರಲಿಲ್ಲ. 2023 ಅಕ್ಟೋಬರಲ್ಲಿ ನೇರಳೆ ಮೆಟ್ರೋ ಪೂರ್ತಿ ಓಪನ್ ಆಗಿದ್ದು ಅವಳಿಗೆ ದೊಡ್ಡ ಅನುಕೂಲ, ಟ್ರೈನ್ ಸಿಟೀಲಿ ಸಿಕ್ಕಾಕೊಳ್ಳೋ ದಿನ ವೈಟ್‌ಫೀಲ್ಡ್ ರೈಲ್ವೇ ಸ್ಟೇಷನ್ ಪಕ್ಕದ ಕಾಡುಗೋಡಿ ತನಕ ಮೆಟ್ರೋದಲ್ಲಿ ಬಂದ್ಬಿಡ್ತಾಳೆ, ಅಲ್ಲಿಂದ ಇಬ್ರೂ ಒಟ್ಟಿಗೆ. ಖರ್ಚು ಹೇಳ್ಬೇಕು ಅಂದ್ರೆ ಇಬ್ರ ಸೀಸನ್ ಪಾಸೂ ಸೇರಿ ತಿಂಗಳಿಗೆ ಸಾವಿರ ರೂಪಾಯಿ ದಾಟಲ್ಲ, ಸ್ಟೇಷನ್ ತನಕ ಬೈಕ್ ಪೆಟ್ರೋಲ್ ಬೇರೆ.

ಇನ್ನು ಪೇಪರ್ ವಿಷ್ಯ. ಹಳ್ಳಿ ಮನೆಗೆ ಮೊದಲ ಪ್ರಶ್ನೆ, ಮನೆ ನಿಂತಿರೋ ಜಾಗ ಗ್ರಾಮಠಾಣಾ (ದಾಖಲೇಲಿ ಊರಿನ ವಾಸದ ಜಾಗ ಅಂತ ಗುರುತು ಮಾಡಿರೋದು) ಒಳಗಿದೆಯಾ ಹೊರಗಿದೆಯಾ? ಊರು ಬೆಳೀತಾ ಬೆಳೀತಾ ಮನೆಗಳು ಪಕ್ಕದ ಹೊಲಕ್ಕೆ, ಗೋಮಾಳಕ್ಕೆ, ಸಾಗುವಳಿ ಇಲ್ಲದ ಖರಾಬಿಗೆ ಹೋಗ್ಬಿಟ್ಟಿರ್ತವೆ, ನೋಡೋಕೆ ಎಲ್ಲಾ ಒಂದೇ ಬೀದಿ ಥರ ಕಾಣುತ್ತೆ. ಕಂದಾಯ ಇಲಾಖೆ ವೆಬ್‌ಸೈಟಲ್ಲಿ ಗ್ರಾಮ ನಕ್ಷೆ ಫ್ರೀಯಾಗಿ ಡೌನ್‌ಲೋಡ್ ಆಗುತ್ತೆ, ಅದನ್ನ ಪ್ರಿಂಟ್ ಹಾಕಿಸ್ಕೊಂಡು ದಿಶಾಂಕ್ ಆ್ಯಪ್ ಹಿಡ್ಕೊಂಡು ಮನೆ ಮುಂದೆ ನಿಂತ್ರೆ ಯಾವ ಸರ್ವೆ ನಂಬರ್, ಕೆರೆ ಎಲ್ಲಿ, ರಾಜಕಾಲುವೆ ಎಲ್ಲಿ ಅಂತ ಒಂದು ಅಂದಾಜು ಸಿಗುತ್ತೆ. ಅಂದಾಜು ಅಷ್ಟೇ, ಸರ್ವೆಯವರ ಸ್ಕೆಚ್ಚೇ ಕೊನೇ ಮಾತು. ನಾವು ನೋಡಿದ ಒಂದು ಮನೆ ಬಹಳ ಚೆನ್ನಾಗಿತ್ತು, ಮುಂದೆ ಹೊಂಗೆ ಮರ, ರೇಟೂ ಕಮ್ಮಿ, ಕೊನೆಗೆ ಅದು 94ಸಿ ಹಕ್ಕುಪತ್ರದ ಜಾಗ ಅಂತ ಗೊತ್ತಾಯ್ತು. ಸರ್ಕಾರಿ ಜಮೀನಲ್ಲಿ ಕಟ್ಕೊಂಡ ಮನೆ ಸಕ್ರಮ ಮಾಡಿ ಕೊಟ್ಟಿರೋ ಹಕ್ಕುಪತ್ರ ಅದು, ಮಾರೋದಕ್ಕೆ ಷರತ್ತು ಇರುತ್ತೆ, ಬಿಟ್ಬಿಟ್ವಿ. ಆಶ್ರಯ ಮನೆಗಳದ್ದೂ ಇದೇ ಕಥೆ, ಹಕ್ಕುಪತ್ರದಲ್ಲಿ ಏನಿದೆ ಅಂತ ಒಂದೊಂದು ಸಾಲೂ ಓದಿ. ಹೊಲದಲ್ಲಿ ಸೈಟ್ ಹಾಕಿರೋ ರೆವೆನ್ಯೂ ಲೇಔಟ್ ಕಡೆ ನಾವು ತಿರುಗೂ ನೋಡಲಿಲ್ಲ, ಹೊಲಾನ ಮನೆ ಜಾಗ ಅಂತ ಬದಲಾಯಿಸೋ ಕನ್ವರ್ಷನ್ ಇಲ್ಲ, ಪ್ಲಾನ್ ಇಲ್ಲ, ಮೂಲ ಜಮೀನು ಪರಿಶಿಷ್ಟ ಜಾತಿ-ಪಂಗಡದವ್ರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ರೆ ಅದರ ಮಾರಾಟಕ್ಕೆ ನಿರ್ಬಂಧ ಹಾಕೋ 1978ರ ಪಿಟಿಸಿಎಲ್ ಕಾಯ್ದೆ ಬೇರೆ ಬರುತ್ತೆ.

ಗ್ರಾಮಠಾಣಾ ಒಳಗೆ ಅಂತ ಗೊತ್ತಾದ ಮೇಲೆ ಇ-ಸ್ವತ್ತು, ಅಂದ್ರೆ ಪಂಚಾಯ್ತಿಯ ಕಂಪ್ಯೂಟರ್ ಖಾತೆ. ನಮೂನೆ 9 ಮತ್ತು 11ಎ, ಪಂಚಾಯ್ತಿಯಿಂದ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಡಿಜಿಟಲ್ ಸಹಿ ಆಗಿ ಬರ್ಬೇಕು. ಹಳ್ಳಿಯವ್ರ ಹತ್ರ ಕೈಬರಹದ ಹಳೇ ಖಾತೆ, ಕಂದಾಯದ ರಸೀದಿ ಇರ್ತವೆ, ಅವ್ರಿಗೆ ಅದೇ ಸಾಕು, ತಲೆತಲಾಂತರದಿಂದ ಅಲ್ಲೇ ಇದಾರಲ್ಲ. ಆದ್ರೆ ರಿಜಿಸ್ಟ್ರೇಷನ್ನಿಗೂ ಬ್ಯಾಂಕಿಗೂ ಇ-ಸ್ವತ್ತು ಬೇಕೇ ಬೇಕು. ನಾನು ಕರಾರಲ್ಲೇ ಬರೆಸಿದ್ದೆ, 9-11 ಮಾಡಿಸಿ ಕೊಡೋದು ಮಾರೋವ್ರ ಜವಾಬ್ದಾರಿ, ಅದು ಬಂದ ಮೇಲೇ ಉಳಿದ ದುಡ್ಡು. ಅದಕ್ಕೆ ತಿಂಗಳುಗಳೇ ಹಿಡೀತು. ಸ್ಕೆಚ್ಚಲ್ಲಿ ಅಳತೆ ಜೊತೆಗೆ ಚೆಕ್ಕುಬಂದೀನೂ (ನಾಲ್ಕೂ ದಿಕ್ಕಿನ ಗಡಿ) ನೋಡಿ, ನಮ್ಮದಕ್ಕೆ ಉತ್ತರಕ್ಕೆ ‘ಓಣಿ’ ಅಂತಿತ್ತು, ಆ ಓಣಿ ಪಂಚಾಯ್ತೀದಾ ಪಕ್ಕದ ಮನೆಯವ್ರದಾ ಅಂತ ಇತ್ಯರ್ಥ ಆಗೋ ತನಕ ನಾನು ಸುಮ್ನಿರಲಿಲ್ಲ, ನಾಳೆ ಅಲ್ಲಿ ಅವ್ರು ಗೇಟ್ ಹಾಕಿದ್ರೆ ನಮ್ಮ ಬೈಕ್ ಒಳಗೆ ಬರೋದೆಲ್ಲಿಂದ.

ಎಲ್ಲಕ್ಕಿಂತ ಮುಖ್ಯ ಸಹಿ. ಮನೆ ಇದ್ದಿದ್ದು ತೀರ್ಕೊಂಡ ಯಜಮಾನ್ರ ಹೆಸರಲ್ಲಿ, ಮಾರ್ತಿದ್ದಿದ್ದು ಮಗ. ವಂಶವೃಕ್ಷ ತೆಗೆಸಿದಾಗ ತಾಯಿ ಇದಾರೆ, ಮೂರು ಜನ ಅಕ್ಕಂದಿರಿದಾರೆ ಅಂತ ಬಂತು, ಒಬ್ರನ್ನ ಕುಪ್ಪಂ ಕಡೆ ಕೊಟ್ಟಿದ್ರು. ‘ಅವ್ರೇನೂ ಕೇಳಲ್ಲ ಸಾರ್, ಮದ್ವೇಲಿ ಕೊಡೋದೆಲ್ಲಾ ಕೊಟ್ಟಾಗಿದೆ’ ಅಂದ್ರು. ನಾನು ‘ಕೇಳಲ್ಲ ಅಂದ್ಮೇಲೆ ಸಹಿ ಹಾಕೋಕೆ ಕಷ್ಟ ಏನಣ್ಣ, ಕರ್ಕೊಂಡ್ ಬನ್ನಿ’ ಅಂದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಹೆಣ್ಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು, 2020ರಲ್ಲಿ ಸುಪ್ರೀಂ ಕೋರ್ಟೂ ಅದನ್ನ ಗಟ್ಟಿ ಮಾಡ್ತು, ತಂದೆ ಯಾವಾಗ ತೀರ್ಕೊಂಡಿದ್ರೂ ಅದು ಅಡ್ಡ ಬರಲ್ಲ ಅಂತ. ನನಗೆ ಕಾನೂನಿನ ಭಯ ಅಷ್ಟೇ ಇರಲಿಲ್ಲ, ಆ ಮನೇಲಿ ಹುಟ್ಟಿ ಬೆಳೆದ ಹೆಣ್ಮಗಳು ನಾಳೆ ಊರಹಬ್ಬಕ್ಕೆ ಬಂದು ನಮ್ಮ ಬಾಗಿಲ ಮುಂದೆ ನಿಂತು ನನ್ನನ್ನ ಕೇಳಲೇ ಇಲ್ಲ ಅನ್ಬಾರದು, ಅದೇ ಊರಲ್ಲಿ ನಾವು ಬಾಳ್ಬೇಕಲ್ವಾ. ಕೊನೆಗೆ ದುಡ್ಡನ್ನ ಐದು ಭಾಗ ಮಾಡಿ ಅವ್ರವ್ರ ಹೆಸರಿಗೇ ಡಿಡಿ ಮಾಡ್ಸಿದ್ವಿ, ಎಲ್ರೂ ಬಂದು ಸಹಿ ಹಾಕಿದ್ರು, ಅವ್ರ ತಾಯಿ ಹೆಬ್ಬೆಟ್ಟೊತ್ತಿದ್ರು. ಬೆಲೆ ಸ್ವಲ್ಪ ಹೆಚ್ಚಾಯ್ತು, ಆಗ್ಲಿ.

ಇ.ಸಿ. (ಆಸ್ತಿ ಮೇಲೆ ಸಾಲ, ಮಾರಾಟ ಏನೇನು ನೋಂದಣಿ ಆಗಿದೆ ಅಂತ ತೋರಿಸೋ ಋಣಭಾರ ಪತ್ರ) ನೋಂದಣಿ ಇಲಾಖೆಯ ಕಾವೇರಿ ಸೈಟಲ್ಲೇ ಸಿಗುತ್ತೆ, ಆದ್ರೆ ಆನ್‌ಲೈನಲ್ಲಿ 2004ರಿಂದ ಈಚೆಗಿನದು, ಅದಕ್ಕಿಂತ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸಿಗೇ ಹೋಗ್ಬೇಕು, ಎರಡೂ ತೆಗೆಸಿ. ಅಡ್ವಾನ್ಸ್ 20,000 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಕ್ಯಾಶಲ್ಲಿ ಕೊಡೋ ಹಂಗಿಲ್ಲ, ಇನ್‌ಕಮ್ ಟ್ಯಾಕ್ಸ್ ನಿಯಮ, ತಗೊಂಡವ್ರಿಗೆ ಅಷ್ಟೇ ಮೊತ್ತದ ದಂಡ ಬೀಳ್ಬಹುದು, ಇದನ್ನ ಮಾರೋವ್ರಿಗೆ ಸಮಾಧಾನವಾಗಿ ಹೇಳಿದ್ರೆ ಒಪ್ಕೋತಾರೆ. ಖರ್ಚಲ್ಲಿ ಸ್ಟ್ಯಾಂಪ್ ಡ್ಯೂಟಿ 5%, ಸೆಸ್ಸು ಸರ್‌ಚಾರ್ಜು ಸೇರಿ ಹಳ್ಳಿ ಕಡೆ 5.65%, ನಾವು ಮಾಡಿಸಿದಾಗ ನೋಂದಣಿ ಶುಲ್ಕ 1% ಇತ್ತು, 2025 ಆಗಸ್ಟ್ 31ರಿಂದ 2% ಆಗಿದೆ. ಲೋನ್ ಒಂದು ಬ್ಯಾಂಕಲ್ಲಿ ಗ್ರಾಮಠಾಣಾ ಅಂತಿದ್ದಂಗೇ ಆಗಲ್ಲ ಅಂದ್ರು, ಇನ್ನೊಂದು ಬ್ಯಾಂಕಿನ ಲೋಕಲ್ ಬ್ರಾಂಚಲ್ಲಿ 9-11, ಇ.ಸಿ., ಪಂಚಾಯ್ತಿ ಲೈಸೆನ್ಸ್ ನೋಡಿ ಕೊಟ್ರು. ಆ ಭಾಗದ ಬ್ರಾಂಚಿಗೇ ಹೋಗಿ ಕೇಳೋದು ಒಳ್ಳೇದು, ಅವ್ರಿಗೆ ಊರೂ ಗೊತ್ತಿರುತ್ತೆ, ಪೇಪರೂ ಗೊತ್ತಿರುತ್ತೆ.

ನೀರು. ಕೋಲಾರ ಜಿಲ್ಲೆ ಅಂದ್ಮೇಲೆ ಇದನ್ನ ಕೇಳ್ದೇ ಮನೆ ತಗೊಳೋ ಹಾಗೇ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿರೋ ಜಾಗಗಳಿವೆ, ಎಷ್ಟೋ ಕಡೆ ನೀರಲ್ಲಿ ಫ್ಲೋರೈಡ್ ಜಾಸ್ತಿ. ಮಾರೋವ್ರನ್ನ ಕೇಳಿದ್ರೆ ‘ನೀರಿಗೇನೂ ತೊಂದ್ರೆ ಇಲ್ಲ’ ಅಂತಾನೇ ಅಂತಾರೆ, ನಾವು ಊರ ನೀರುಗಂಟೀನ ಹುಡ್ಕೊಂಡು ಹೋಗಿ ಮಾತಾಡಿಸಿದ್ವಿ, ಯಾವ ಬೀದಿಗೆ ಎಷ್ಟು ದಿನಕ್ಕೊಂದ್ಸಲ ಬಿಡ್ತಾರೆ, ಏಪ್ರಿಲ್ ಮೇನಲ್ಲಿ ಏನಾಗುತ್ತೆ ಅಂತ ಆತ ಬಿಡಿಸಿ ಹೇಳ್ದ. ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತೀವಿ, ಬಳಸೋಕೆ ನಲ್ಲಿ ನೀರು, ಅದಕ್ಕೆ ಮೊದಲು ಮಾಡಿಸಿದ ಕೆಲಸಾನೇ ದೊಡ್ಡ ಸಂಪು ಮತ್ತೆ ಮಾಳಿಗೆ ಮೇಲಿನ ಮಳೆನೀರು ಅದಕ್ಕೆ ಬೀಳೋ ಹಂಗೆ ಪೈಪು. ಪೇಂಟು ಅದಾದ್ಮೇಲೆ.

ಕಟ್ಟಡ ಪರೀಕ್ಷೆಗೆ ಊರ ಮೇಸ್ತ್ರೀನೇ ಕರ್ಕೊಂಡು ಹೋಗಿದ್ವಿ. ಈ ಕಡೆ ಹಳೇ ಮನೆಗಳು ಕಲ್ಲು ಚಪ್ಪಡಿಯವು, ತಂಪಾಗಿರ್ತವೆ ಆದ್ರೆ ಚಪ್ಪಡಿ ಸಂದೀಲಿ ಸೋರುತ್ತಾ ನೋಡ್ಕೋಬೇಕು. ನಮ್ಮದು ಮೋಲ್ಡ್ ಹಾಕಿರೋ ಮನೆ, ಸೈಜುಗಲ್ಲಿನ ಪಾಯ, ಪಿಲ್ಲರ್ ಇಲ್ಲ, ಮೇಲೆ ಇನ್ನೊಂದು ಮನೆ ಎಬ್ಬಿಸ್ಬೇಡಿ, ಒಂದು ಶೀಟಿನ ರೂಮ್ ಹಾಕೋಬಹುದು ಅಂದ್ರು ಮೇಸ್ತ್ರಿ, ನಮಗೆ ಅಷ್ಟು ಸಾಕಿತ್ತು.

ರಿಜಿಸ್ಟರ್ ಆದ್ಮೇಲೂ ಕೆಲಸ ಇದೆ. ಪಂಚಾಯ್ತೀಲಿ ಖಾತೆ ನಮ್ಮ ಹೆಸರಿಗೆ ಬದಲಾಗಿ ಹೊಸ ನಮೂನೆ 9 ಕೈಗೆ ಬರ್ಬೇಕು, ಬೆಸ್ಕಾಂನಲ್ಲಿ ಆರ್.ಆರ್. ನಂಬರಿಗೆ (ಕರೆಂಟ್ ಸಂಪರ್ಕದ ನಂಬರು) ಹೆಸರು ಬದಲಾಯಿಸ್ಬೇಕು, ಅದಕ್ಕೆ ಮುಂಚೆ ಹಳೇ ಬಾಕಿ ಇದೆಯಾ ನೋಡ್ಕೊಳ್ಳಿ, ಕಂದಾಯದ್ದೂ ಅಷ್ಟೇ. ಮನೇನ ಇಬ್ರ ಹೆಸರಿಗೂ ಮಾಡಿಸಿದೀವಿ.