ಮೆದುಳಿನ ರಕ್ತಸ್ರಾವ: ಎಂಆರ್‌ಐಗೆ ಕಳಿಸುವಾಗ, ನೋಡುವಾಗ

ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿದ ಅಜ್ಜಿಯಾಗಲಿ, ಅಡಿಕೆ ಮರದಿಂದ ಬಿದ್ದ ಕೊನೆಗೌಡನಾಗಲಿ, ತಲೆಗೆ ಪೆಟ್ಟಾಗಿದ್ದರೆ ಮೊದಲು ಸಿಟಿ ಸ್ಕ್ಯಾನ್ ಮಾಡಿಸಿ. ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಹೊಸ ರಕ್ತ ಬೆಳ್ಳಗೆ ಎದ್ದು ಕಾಣುತ್ತದೆ. ತೀರ್ಥಹಳ್ಳಿ, ಹೊಸನಗರದಿಂದ ಶಿವಮೊಗ್ಗ ಮುಟ್ಟುವಷ್ಟರಲ್ಲೇ ಗಂಟೆ ದಾಟಿರುತ್ತದೆ. ಪ್ರಜ್ಞೆ ಮಂಕಾದವರನ್ನು ಎಂಆರ್‌ಐ ಸರದಿಯಲ್ಲಿ ಕೂರಿಸಬೇಡಿ.

ಬಿದ್ದು ಎರಡು ಮೂರು ವಾರವಾದ ಮೇಲೆ ತಲೆನೋವು, ಮರೆವು ಶುರುವಾದಾಗ ಎಂಆರ್‌ಐ ನಿಜಕ್ಕೂ ನೆರವಾಗುತ್ತದೆ. ಅಷ್ಟು ಹೊತ್ತಿಗೆ ಸಿಟಿಯಲ್ಲಿ ರಕ್ತ ಮೆದುಳಿನ ಬಣ್ಣಕ್ಕೇ ತಿರುಗಿ ಕಣ್ತಪ್ಪಬಹುದು. ಚೀಟಿಯಲ್ಲಿ ಬಿದ್ದ ದಿನ, ರಕ್ತ ತೆಳುವಾಗಿಸುವ ಮಾತ್ರೆಯ ಹೆಸರು ಬರೆಯಿರಿ. ಟಿ1, ಟಿ2, ಫ್ಲೇರ್ ಎಂಬ ಸಾಮಾನ್ಯ ಎಂಆರ್‌ಐ ಚಿತ್ರಗಳ ಜೊತೆ, ಹಳೆಯ ರಕ್ತದ ಕಬ್ಬಿಣವನ್ನು ಕಪ್ಪಾಗಿ ತೋರಿಸುವ ಎಸ್‌ಡಬ್ಲ್ಯುಐ ಚಿತ್ರ ಬೇಕೆಂದು ಸ್ಪಷ್ಟವಾಗಿ ಕೇಳಿ; ಯಂತ್ರದಲ್ಲಿ ಅದಿಲ್ಲದಿದ್ದರೆ ಅದೇ ಬಗೆಯ ಜಿಆರ್‌ಇ. ಇದನ್ನು ಬಿಟ್ಟರೆ ಸಣ್ಣ ಹಳೆಯ ರಕ್ತಸ್ರಾವಗಳು ಸಿಗುವುದೇ ಇಲ್ಲ.

ಎಂಆರ್‌ಐ ಯಂತ್ರವೆಂದರೆ ದೊಡ್ಡ ಅಯಸ್ಕಾಂತ; ಒಳಗೆ ಬಿಡುವ ಮೊದಲು ಪೇಸ್‌ಮೇಕರ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ವೆಲ್ಡಿಂಗ್ ಕೆಲಸದವರ ಕಣ್ಣಿಗೆ ಸಿಡಿದ ಲೋಹದ ಚೂರು ಇವೆಯೇ ಎಂದು ಕೇಳಿ. ಉಡಿದಾರದ ಪಿನ್ನು, ತಾಯಿತ ತೆಗೆಸಲು ಮರೆಯಬೇಡಿ. ಎಸ್‌ಡಬ್ಲ್ಯುಐ ಕೆಲವು ನಿಮಿಷ ಹಿಡಿಯುತ್ತದೆ. ನಡುವೆ ತಲೆ ಅಲುಗಿದರೆ ಮತ್ತೆ ತೆಗೆಯಬೇಕು.

ರಕ್ತದ ವಯಸ್ಸು ಹೇಳುವುದು ಹಿಮೋಗ್ಲೋಬಿನ್; ದಿನ ಕಳೆದಂತೆ ಅದು ಬದಲಾಗುತ್ತದೆ, ಜೊತೆಗೆ ಚಿತ್ರದಲ್ಲಿ ರಕ್ತದ ಬಣ್ಣವೂ. ಮೊದಲ ದಿನ ಟಿ1ರಲ್ಲಿ ಸುತ್ತಲಿನಂತೆಯೇ, ಟಿ2ರಲ್ಲಿ ಬಿಳಿ. ಒಂದರಿಂದ ಮೂರು ದಿನಕ್ಕೆ ಟಿ2 ಕಪ್ಪಾಗುತ್ತದೆ. 3ರಿಂದ 7 ದಿನದಲ್ಲಿ ಟಿ1 ಬಿಳಿಯಾಗುತ್ತದೆ, ಟಿ2 ಕಪ್ಪಾಗಿಯೇ ಇರುತ್ತದೆ. ವಾರ ದಾಟಿದರೆ ಎರಡೂ ಬಿಳಿ. ತಿಂಗಳುಗಳಾದ ಮೇಲೆ ಅಂಚಿನಲ್ಲಿ ಕಬ್ಬಿಣದ ಕಪ್ಪು ಗೆರೆ ಉಳಿಯುತ್ತದೆ. ದಿನಗಳ ಲೆಕ್ಕ ಅಂದಾಜು ಮಾತ್ರ. ಮೆದುಳಿನ ಹೊದಿಕೆಯ ಕೆಳಗಿನ ರಕ್ತಕ್ಕೆ ಅಷ್ಟು ಕರಾರುವಾಕ್ಕಾಗಿ ಹೊಂದುವುದಿಲ್ಲ.

ಎಸ್‌ಡಬ್ಲ್ಯುಐಯಲ್ಲಿ ಕಪ್ಪಾಗಿದ್ದುದೆಲ್ಲ ರಕ್ತವಲ್ಲ. ಸುಣ್ಣಗಟ್ಟಿದ ಜಾಗವೂ ಕಪ್ಪೇ. ಎಸ್‌ಡಬ್ಲ್ಯುಐ ಜೊತೆಗೇ ಬರುವ ಫೇಸ್ ಚಿತ್ರ ತೆರೆದು ನೋಡಿ: ಅಲ್ಲಿ ರಕ್ತ ಮತ್ತು ಸುಣ್ಣ ಒಂದಕ್ಕೊಂದು ವಿರುದ್ಧ ಬಣ್ಣ. ಯಾವುದು ಬಿಳಿ ಎಂಬುದು ಯಂತ್ರದ ಕಂಪನಿಯ ಮೇಲೆ ಹೋಗುತ್ತದೆ, ಹಾಗಾಗಿ ಮೊದಲು ಒಂದು ಅಭಿಧಮನಿಯ ಬಣ್ಣ ಗುರುತಿಸಿಕೊಳ್ಳಿ. ಹಳೆಯ ರಕ್ತದ್ದೂ ಅದೇ ಬಣ್ಣ. ಕಪ್ಪು ಚುಕ್ಕೆ ಮುಂದಿನ ಸ್ಲೈಸುಗಳಲ್ಲಿ ಗೆರೆಯಾಗಿ ಹರಿದರೆ ಅದು ರಕ್ತನಾಳ. ಸೈನಸ್, ಕಿವಿಯ ಹತ್ತಿರ ಗಾಳಿಯಿಂದಲೂ ಕಪ್ಪು ಕಲೆ ಬೀಳುತ್ತದೆ. ಫ್ಲೇರ್‌ನಲ್ಲಿ ಮೆದುಳಿನ ಮಡಿಕೆಗಳು ಬೆಳ್ಳಗಿದ್ದರೆ ರಕ್ತ ಇರಬಹುದು, ಆದರೆ ರೋಗಿಗೆ ಹೆಚ್ಚು ಆಕ್ಸಿಜನ್ ಕೊಡುತ್ತಿದ್ದರೂ ಹಾಗೆಯೇ ಕಾಣುತ್ತದೆ.

ಅಳತೆಯನ್ನು ಟಿ2ರಲ್ಲೇ ತೆಗೆಯಿರಿ. ಎಸ್‌ಡಬ್ಲ್ಯುಐಯಲ್ಲಿ ರಕ್ತ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.